‘ಬರ್ತಾ ಇದೆ’ ಅನ್ನೋದನ್ನ ಆಸ್ತಿ ಅಂತ ಬರೀಬೇಡಿ

ಭಾಗ 1/10

ಫೋಟೋದಲ್ಲಿರೋ ಗ್ರಾಫ್ ಶೀಟ್ ಒಂದ್ಸಲ ಸರಿಯಾಗಿ ನೋಡಿ. ಮೂಲೆಯಲ್ಲಿ ಟೀ ಲೋಟದ ಗುಂಡಗಿನ ಕಲೆ. ಮಧ್ಯದಲ್ಲಿ ಒಂದು ಕೋಟೆ. ಕೋಟೆ ಕೆಳಗಿಂದ ಹೊರಟ ಸುರಂಗ ಎಂಟು ಚೌಕ ಹೋಗಿ ಅಲ್ಲೇ ನಿಂತುಬಿಟ್ಟಿದೆ. ಪೆನ್ಸಿಲ್ ಮುರಿದಿದ್ದಕ್ಕೆ ನಿಂತಿದ್ದಲ್ಲ. "ಇನ್ಯಾಕೆ ಬರೀಬೇಕು, ಆ್ಯಪ್ ಬರ್ತಾ ಇದೆಯಲ್ಲ" ಅಂತ ನಾವೇ ನಿಲ್ಲಿಸಿದ್ದು.

ನಾವು ಐದು ಜನ. ನಾಲ್ವರು ಬಿಕಾಂ, ಒಬ್ಬ ಬಿಸಿಎ. ಶನಿವಾರ ಕ್ಲಾಸ್ ಮುಗಿಸಿ ಬಿಸಿಎಯವನ ರೂಮಿಗೆ ಹೋಗಿ, ಮಂಡಕ್ಕಿ ಪೊಟ್ಟಣ ಬಿಚ್ಚಿ, ಚಾಪೆ ಮೇಲೆ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತಿದ್ವಿ. ಮೂರನೇ ಸೆಮಿಸ್ಟರ್ ಪೂರ್ತಿ ಒಂದು ವಾರನೂ ತಪ್ಪಿಸಿರಲಿಲ್ಲ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಸಾಲಾಗಿ ಹದಿನಾಲ್ಕು ಶನಿವಾರ ಒಂದು ದಿನವೂ ಆಡಲಿಲ್ಲ. ಪರೀಕ್ಷೆ ಇತ್ತಾ? ಇಲ್ಲ. ಜಗಳ ಆಯ್ತಾ? ಅದೂ ಇಲ್ಲ. ಕಾಯ್ತಾ ಇದ್ವಿ, ಅಷ್ಟೇ.

ನನ್ನ ವಾದ ಏನು ಅಂತ ಮೊದಲೇ ಹೇಳ್ಬಿಡ್ತೀನಿ. "ಬರುತ್ತೆ" ಅಂತ ಹೇಳಿರೋ ಡಿಜಿಟಲ್ ಟೂಲ್‌ಗೋಸ್ಕರ ನಿಮ್ಮ ಆಟ ನಿಲ್ಲಿಸಬೇಡಿ. ಅದಕ್ಕೆ ಮುಂಗಡ ದುಡ್ಡಂತೂ ಕೊಡಲೇಬೇಡಿ. ಸಿಟ್ಟಲ್ಲಿ ಹೇಳ್ತಿದೀನಿ ಅನ್ಕೋಬೇಡಿ. ಸಿಟ್ಟಿದೆ, ಒಪ್ತೀನಿ. ಆದ್ರೆ ಇದಕ್ಕೆ 25 ವರ್ಷದ ದಾಖಲೆಯೂ ಇದೆ. ಈ ಆಟದ ಇತಿಹಾಸದಲ್ಲಿ ಇದೇ ಮಾತು ಮತ್ತೆ ಮತ್ತೆ ಹೇಳಿದಾರೆ, ಜನ ಮತ್ತೆ ಮತ್ತೆ ನಂಬಿದಾರೆ.

"ಆಟದ ವಿಷಯ, ನಮಗ್ಯಾಕೆ ಮಾರಾಯ" ಅನ್ನೋ ಕ್ಲಾಸ್‌ಮೇಟ್ಸ್ ಸೀದಾ ಭಾಗ 8ಕ್ಕೆ ಹಾರಿ. ಅಲ್ಲಿ ಅಕೌಂಟೆನ್ಸಿ ಇದೆ, ಇಂಟರ್ನಲ್ಸ್‌ಗೂ ಆಗುತ್ತೆ.

ಭಾಗ 2/10

ಗೊತ್ತಿಲ್ಲದೇ ಇರೋರಿಗೆ ಆಟ ಏನು ಅಂತ ಹೇಳಿ ಮುಂದೆ ಹೋಗ್ತೀನಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೊದಲು ಅಚ್ಚಾಗಿದ್ದು 1974ರಲ್ಲಿ, ಅಮೆರಿಕದಲ್ಲಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಕತೆ ನಡೆಸ್ತಾರೆ, ಅವರನ್ನ ಡಂಜನ್ ಮಾಸ್ಟರ್ ಅಂತಾರೆ, ಚಿಕ್ಕದಾಗಿ ಡಿಎಂ. (ಇಲ್ಲಿ ಡಿಎಂ ಅಂದ್ರೆ ಇನ್‌ಬಾಕ್ಸ್ ಅಲ್ಲ, "ಹಾಯ್" ಕಳಿಸಬೇಡಿ.) ಉಳಿದವರಿಗೆ ಒಂದೊಂದು ಪಾತ್ರ. ಡಿಎಂ "ನಿಮ್ಮ ಮುಂದೆ ತುಕ್ಕು ಹಿಡಿದ ಬಾಗಿಲಿದೆ, ಆಚೆಯಿಂದ ಯಾರೋ ಕೆಮ್ಮಿದ ಸದ್ದು, ಏನ್ಮಾಡ್ತೀರಾ?" ಅಂತ ಕೇಳ್ತಾರೆ. ನೀವು ಹೇಳ್ತೀರಿ. ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದ್ರೆ ಇಪ್ಪತ್ತು ಮುಖದ ದಾಳ ಉರುಳಿಸ್ತೀರಿ. ಆಟ ಅಂದ್ರೆ ಇಷ್ಟೇ.

ಮಲೆನಾಡು, ಕರಾವಳಿ ಕಡೆಯವರಿಗೆ ಇದನ್ನ ಇನ್ನೂ ಸುಲಭವಾಗಿ ಹೇಳಬಹುದು. ತಾಳಮದ್ದಳೆ ನೋಡಿದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಕ್ಷಣಕ್ಕೆ ಹೊಳೆದ ಮಾತಲ್ಲಿ ವಾದ ಮಾಡ್ತಾರೆ. ಕೃಷ್ಣ ಮುಂದೆ ಏನು ಹೇಳ್ತಾನೆ ಅಂತ ಕೌರವನ ಪಾತ್ರಧಾರಿಗೂ ಪೂರ್ತಿ ಗೊತ್ತಿರಲ್ಲ. ನಮ್ಮಜ್ಜ ಮಳೆಗಾಲದಲ್ಲಿ ರಾತ್ರಿಯೆಲ್ಲ ಅದನ್ನ ಕೇಳಿ ಬಂದು, ಬೆಳಿಗ್ಗೆ ಕಾಫಿ ಕುಡೀತಾ ಯಾರು ಯಾರಿಗೆ ಎಂಥ ಪೆಟ್ಟು ಕೊಟ್ರು ಅಂತ ವರದಿ ಒಪ್ಪಿಸ್ತಿದ್ರು. ಅಲ್ಲಿ ಸೆಟ್ಟಿಂಗ್ ಇರಲಿಲ್ಲ, ಲೈಟಿಂಗ್ ಇರಲಿಲ್ಲ. ಆದ್ರೂ ಅಜ್ಜನ ಕಣ್ಣಲ್ಲಿ ಕುರುಕ್ಷೇತ್ರ ಇರ್ತಿತ್ತು.

ಇದನ್ನ ನೆನಪಿಟ್ಕೊಳ್ಳಿ. ಈ ಆಟಕ್ಕೆ ಬೇಕಾಗಿರೋದು ಕಾಗದ, ಪೆನ್ಸಿಲ್, ದಾಳ ಮತ್ತು ಒಂದೇ ಹೊತ್ತಿಗೆ ಬಿಡುವಾಗಿರೋ ನಾಲ್ಕೈದು ಜನ. ಇದರಲ್ಲಿ ನಿಜವಾಗಿ ಸಿಗೋಕೆ ಕಷ್ಟ ಆಗೋದು ಕೊನೇದು ಮಾತ್ರ.

ಭಾಗ 3/10

ಈಗ ನಮ್ಮ ಕತೆ. ಹೆಸರು ಹಾಕಿದ್ರೆ ಫ್ರೆಂಡ್ಸ್ ಬೈತಾರೆ, ಅದಕ್ಕೆ ಪಾತ್ರದ ಹೆಸರಲ್ಲೇ ಕರೀತೀನಿ. ಬಿಸಿಎಯವನು ಡಿಎಂ. ಉಳಿದವರು ಕಳ್ಳ, ಪೂಜಾರಿ, ಮಂತ್ರವಾದಿ, ಮತ್ತೆ ಬಿಲ್ಲುಗಾರ ನಾನು.

ನಕ್ಷೆ ಬರೀತಿದ್ದಿದ್ದು ಮಂತ್ರವಾದಿ. ಅವಳು ಗುರುವಾರ ರಾತ್ರಿ ಕೂತು ಗ್ರಾಫ್ ಶೀಟ್ ಮೇಲೆ ಕೋಟೆ, ಕಾಡು, ಸಂತೆ ಎಲ್ಲ ಬರೆದು ತರ್ತಿದ್ಲು. ಬಾವಿ ಎಲ್ಲಿದೆ, ಬಾವಿ ಹಗ್ಗ ಗಟ್ಟಿ ಇದೆಯಾ ಇಲ್ವಾ ಅನ್ನೋದೂ ಚಿಕ್ಕ ಅಕ್ಷರದಲ್ಲಿ ಇರ್ತಿತ್ತು. ಡಿಎಂ ಕತೆ ಯೋಚಿಸಿದ್ರೆ ಊರು ಕಟ್ತಿದ್ದಿದ್ದು ಅವಳು.

ಆಮೇಲೆ ಒಂದು ಆ್ಯಪ್‌ನ ವಿಡಿಯೋ ಬಂತು. ಯಾವುದು ಅಂತ ಹೇಳಲ್ಲ, ಚಿಕ್ಕ ಕಂಪನಿ, ಕೇಳಿರೋದೂ ಇಲ್ಲ ನೀವು. ಫೋನಲ್ಲೇ ನಕ್ಷೆ ಎದ್ದು ನಿಲ್ಲುತ್ತೆ, ದೀಪ ಹಚ್ಚಿದ್ರೆ ಗೋಡೆ ಮೇಲೆ ನೆರಳು ಬೀಳುತ್ತೆ, ಪಾತ್ರದ ಲೆಕ್ಕ ಎಲ್ಲ ಅದೇ ಮಾಡುತ್ತೆ. ಮುಂಗಡ ಸದಸ್ಯತ್ವಕ್ಕೆ ರಿಯಾಯಿತಿ. ತಲಾ 360 ರೂಪಾಯಿ ಹಾಕಿ 1,800 ಕಟ್ಟಿದ್ವಿ. "ಮುಂದಿನ ತಿಂಗಳು" ಅಂದ್ರು.

ಮುಂದಿನ ತಿಂಗಳು "ಕೊನೆ ಹಂತದ ಪರೀಕ್ಷೆ" ಅಂದ್ರು. ಅದರ ಮುಂದಿನ ತಿಂಗಳು ಹೊಸ ಲೋಗೋ ಬಂತು. ಆಮೇಲೆ ಮೌನ.

ಕಂಪನಿ ಮೇಲೆ ನನಗೆ ಅಷ್ಟು ಕೋಪ ಇಲ್ಲ. ಕೋಪ ಇರೋದು ನಮ್ಮ ಮೇಲೆ. ದುಡ್ಡು ಕಟ್ಟಿದ ವಾರ ಮಂತ್ರವಾದಿ ಹೊಸ ನಕ್ಷೆ ತೆಗೆದಾಗ ನಾನೇ ಅಂದೆ, "ಬಿಡೇ, ಇದು ಟೆಂಪರರಿ ತಾನೆ. ಆ್ಯಪ್ ಬಂದ್ಮೇಲೆ ಎಲ್ಲ ಹೊಸದಾಗಿ ಮಾಡೋದೇ." ಅವಳು ಏನೂ ಹೇಳಲಿಲ್ಲ. ಶೀಟ್ ಸುತ್ತಿ ಬ್ಯಾಗಿಗೆ ಹಾಕ್ಕೊಂಡ್ಲು. ಫೋಟೋದಲ್ಲಿರೋದು ಅದೇ ಶೀಟ್.

ಭಾಗ 4/10

"ನಿಮ್ಮದು ಯಾವುದೋ ಸಣ್ಣ ಆ್ಯಪ್, ಮೋಸ ಹೋದ್ರಿ. ದೊಡ್ಡ ಕಂಪನಿ ಆಗಿದ್ರೆ ಹೀಗಾಗ್ತಿರಲಿಲ್ಲ" ಅಂತ ಕಳ್ಳ ಇವತ್ತಿಗೂ ವಾದ ಮಾಡ್ತಾನೆ. ಸರಿ, ಎಲ್ಲಕ್ಕಿಂತ ದೊಡ್ಡ ಕಂಪನಿಯನ್ನೇ ನೋಡೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈಗ ವಿಝರ್ಡ್ಸ್ ಆಫ್ ದ ಕೋಸ್ಟ್ ಅನ್ನೋ ಕಂಪನಿ ಕೈಲಿದೆ. 1999ರಿಂದ ಅದರ ಮಾಲೀಕರು ಹ್ಯಾಸ್ಬ್ರೋ, ಮೊನಾಪಲಿ ಮಾರೋರು. ದುಡ್ಡಿಗೆ ಕೊರತೆ ಇಲ್ಲ, ಜನಕ್ಕೆ ಕೊರತೆ ಇಲ್ಲ.

2000ದಲ್ಲಿ ಆಟದ ಮೂರನೇ ಆವೃತ್ತಿ ಬಂತು. ಆಟಗಾರರ ಕೈಪಿಡಿ ಜೊತೆ ಒಂದು ಸಿಡಿ ಕೊಟ್ರು. ಅದರಲ್ಲಿ ಪಾತ್ರ ಸೃಷ್ಟಿ ಮಾಡೋ ಸಾಫ್ಟ್‌ವೇರ್‌ನ ಡೆಮೊ. ಪೂರ್ತಿ ಸಾಫ್ಟ್‌ವೇರ್ ಮಾಸ್ಟರ್ ಟೂಲ್ಸ್ ಅನ್ನೋ ಹೆಸರಲ್ಲಿ ಬರುತ್ತೆ, ಅದರಲ್ಲಿ ನಕ್ಷೆಯೂ ಬರೀಬಹುದು ಅನ್ನೋ ಮಾತಿತ್ತು. ಬಂದಿದ್ದು 2002ರಲ್ಲಿ, ಇ-ಟೂಲ್ಸ್ ಅಂತ ಹೆಸರು ಬದಲಾಯಿಸ್ಕೊಂಡು, ಹೇಳಿದ್ದಕ್ಕಿಂತ ಸಣ್ಣದಾಗಿ.

ಎರಡು ವರ್ಷ ಅಂದ್ರೆ ಏನು ಮಹಾ ಅನ್ನಬೇಡಿ. ನಮ್ಮ ಲೆಕ್ಕದಲ್ಲಿ ಅದು ನಾಲ್ಕು ಸೆಮಿಸ್ಟರ್. ಫಸ್ಟ್ ಇಯರ್‌ನಲ್ಲಿ ಕಾಯೋಕೆ ಶುರು ಮಾಡಿದವರ ಕೈಗೆ ಟೂಲ್ ಸಿಗೋ ಹೊತ್ತಿಗೆ ಫೈನಲ್ ಇಯರ್ ಬಂದಿರುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಎರಡು ವರ್ಷವೂ ಪುಸ್ತಕ ಮಾರಾಟ ಆಗ್ತಾನೇ ಇತ್ತು. ಪುಸ್ತಕ ತಗೊಳ್ಳೋನಿಗೆ "ಜೊತೆಗೆ ಸಾಫ್ಟ್‌ವೇರೂ ಬರುತ್ತೆ" ಅನ್ನೋದು ಒಂದು ಹೆಚ್ಚಿನ ಆಸೆ. ಆ ಆಸೆಗೆ ಬಿಲ್ ಇರಲ್ಲ, ರಸೀದಿ ಇರಲ್ಲ. ಆದ್ರೆ ಕೊಳ್ಳೋ ನಿರ್ಧಾರದಲ್ಲಿ ಅದಕ್ಕೂ ಪಾಲಿರುತ್ತೆ. ಮಾರ್ಕೆಟಿಂಗ್ ಪೇಪರ್ ಓದಿರೋ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಭಾಗ 5/10

2007, ಆಗಸ್ಟ್. ಜೆನ್ ಕಾನ್ ಅನ್ನೋ ಆಟಗಳ ಜಾತ್ರೆಯಲ್ಲಿ ನಾಲ್ಕನೇ ಆವೃತ್ತಿಯ ಘೋಷಣೆ. ಜೊತೆಗೆ ಡಿಜಿಟಲ್ ಗೇಮ್ ಟೇಬಲ್: ಬೇರೆ ಬೇರೆ ಊರಲ್ಲಿರೋ ಗೆಳೆಯರು ಕಂಪ್ಯೂಟರ್‌ನಲ್ಲಿ ಒಂದೇ ಮೇಜಿನ ಸುತ್ತ ಕೂತ ಹಾಗೆ, ಮೂರು ಆಯಾಮದ ನಕ್ಷೆ, ಅದರ ಮೇಲೆ ನಾವೇ ರೂಪಿಸಿದ ಪಾತ್ರದ ಬೊಂಬೆ. ಡೆಮೊ ನೋಡಿ ಜನ ಬಾಯಿ ಬಿಟ್ಕೊಂಡು ನಿಂತ್ರು.

ಅದೇ ವರ್ಷ ಸೆಪ್ಟೆಂಬರ್‌ಗೆ ಡ್ರ್ಯಾಗನ್ ಪತ್ರಿಕೆಯ ಮುದ್ರಣ ನಿಂತಿತು. 1976ರಿಂದ ಬರ್ತಿದ್ದ ಪತ್ರಿಕೆ ಅದು. ಇನ್ಮೇಲೆ ಎಲ್ಲ ಆನ್‌ಲೈನ್ ಚಂದಾದಲ್ಲಿ ಅಂದ್ರು. ಅಂದ್ರೆ ಕೈಲಿದ್ದ ಕಾಗದ ಮೊದಲು ಹೋಯ್ತು, ಅದರ ಬದಲಿಗೆ ಬರಬೇಕಾದ್ದು ಇನ್ನೂ ದಾರಿಯಲ್ಲಿತ್ತು.

2008 ಜೂನ್‌ನಲ್ಲಿ ಪುಸ್ತಕ ಬಂತು, ಮೇಜು ಬರಲಿಲ್ಲ. 2010ರಲ್ಲಿ ಕೊನೆಗೂ ವರ್ಚುವಲ್ ಟೇಬಲ್ ಅಂತ ಒಂದು ಪ್ರಯೋಗ ಶುರುವಾಯ್ತು, ಅದೂ ಆಯ್ದ ಚಂದಾದಾರರಿಗೆ. 2007ರ ಡೆಮೊದಲ್ಲಿದ್ದ ಮೂರು ಆಯಾಮ ಅದರಲ್ಲಿ ಇರಲಿಲ್ಲ. ಆ ಪ್ರಯೋಗ ಪ್ರಯೋಗವಾಗೇ ಉಳಿದು 2012ರ ಜುಲೈನಲ್ಲಿ ಮುಚ್ಚಿಹೋಯ್ತು. ಐದು ವರ್ಷ ಮಾರಾಯ್ರೆ!

ನ್ಯಾಯವಾಗಿ ಇದನ್ನೂ ಹೇಳಬೇಕು: ಎಲ್ಲವೂ ಸುಳ್ಳಾಗಲಿಲ್ಲ. ಕ್ಯಾರೆಕ್ಟರ್ ಬಿಲ್ಡರ್ ಅನ್ನೋ ಒಂದು ಟೂಲ್ ಬಂತು, ಚೆನ್ನಾಗೂ ಇತ್ತು. ನಿಮ್ಮ ಕಂಪ್ಯೂಟರಿಗೆ ಇಳಿಸ್ಕೊಂಡು ನೆಟ್ ಇಲ್ಲದೆ ಬಳಸಬಹುದಿತ್ತು. 2010ರ ನವೆಂಬರ್‌ನಲ್ಲಿ ಅದನ್ನ ಬದಲಾಯಿಸಿ ಆನ್‌ಲೈನ್ ಮಾಡಿದ್ರು, ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ತಂತ್ರಜ್ಞಾನದ ಮೇಲೆ. ಆಮೇಲೆ ಸಿಲ್ವರ್‌ಲೈಟೇ ಮೂಲೆಗೆ ಬಿತ್ತು. 2020ರ ಆರಂಭಕ್ಕೆ ಈ ಟೂಲ್‌ಗಳೆಲ್ಲ ಬಂದ್.

2008ರ ಪುಸ್ತಕ ಯಾರ ಮನೆ ಕಪಾಟಲ್ಲಿದೆಯೋ, ಇವತ್ತೂ ತೆಗೆದು ಆಡಬಹುದು. ಅದೇ ಆಟಕ್ಕೆ ತಿಂಗಳು ತಿಂಗಳು ಚಂದಾ ಕಟ್ಟಿ ಬಳಸಿದ ಟೂಲ್ ಎಲ್ಲೂ ಇಲ್ಲ.

ಭಾಗ 6/10

2014ರಲ್ಲಿ ಐದನೇ ಆವೃತ್ತಿ. ಈ ಸಲ "ನಾವೇ ಮಾಡಲ್ಲ, ಬೇರೆಯವರ ಕೈಲಿ ಮಾಡಿಸ್ತೀವಿ" ಅಂತ ಟ್ರ್ಯಾಪ್‌ಡೋರ್ ಅನ್ನೋ ಸಂಸ್ಥೆಗೆ ಕೊಟ್ರು. ಟೂಲ್ ಹೆಸರು ಡಂಜನ್‌ಸ್ಕೇಪ್. ಪುಸ್ತಕ ಆಗಸ್ಟ್‌ನಲ್ಲಿ ಬಂತು. ಅಕ್ಟೋಬರ್ ಕೊನೆಗೆ ಒಪ್ಪಂದವೇ ಮುರಿದುಬಿತ್ತು. ಆ ಸಂಸ್ಥೆ ತಮ್ಮ ಕೆಲಸ ಉಳಿಸ್ಕೊಳ್ಳೋಕೆ ಜನರ ಹತ್ರ ದುಡ್ಡು ಕೇಳಿತು, ಗುರಿ ಮುಟ್ಟಲಿಲ್ಲ. ಕಾಯ್ತಿದ್ದವರು ಕಾಯ್ತಾನೇ ಉಳಿದ್ರು.

2017ರಲ್ಲಿ ಡಿ ಅಂಡ್ ಡಿ ಬಿಯಾಂಡ್ ಬಂತು. ಇದು ನಿಜವಾಗಿ ಬಂತು, ನಿಜವಾಗಿ ಕೆಲಸ ಮಾಡುತ್ತೆ, ನಮ್ಮ ಪೂಜಾರಿ ಇವತ್ತಿಗೂ ಅದರ ಉಚಿತ ಭಾಗ ಬಳಸ್ತಾನೆ. ಮಾಡಿದ್ದು ಕರ್ಸ್ ಅನ್ನೋ ಹೊರಗಿನ ಕಂಪನಿ. ಅದು ಚೆನ್ನಾಗಿ ನಡೆದ ಮೇಲೆ 2022ರಲ್ಲಿ ಹ್ಯಾಸ್ಬ್ರೋ ಅದನ್ನ 14.63 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಳ್ತು. ಇಪ್ಪತ್ತು ವರ್ಷ ತಾವು ಮಾಡ್ತೀವಿ ಅಂತಿದ್ದನ್ನ ಕೊನೆಗೆ ಅಂಗಡಿಯಿಂದ ತಂದ ಹಾಗೆ.

ಮನೆ ಮಾಲೀಕರು ಬದಲಾದ ಮೇಲೆ ಏನಾಯ್ತು? ಮೊದಲು ಅಲ್ಲಿ ಪುಸ್ತಕದಿಂದ ನಿಮಗೆ ಬೇಕಾದ ಒಂದೇ ಒಂದು ಭಾಗ ಬಿಡಿಯಾಗಿ ಕೊಳ್ಳಬಹುದಿತ್ತು. ವಿದ್ಯಾರ್ಥಿಗಳಿಗೆ ಅದೇ ಅನುಕೂಲ. 2024ರಲ್ಲಿ ಅದನ್ನ ತೆಗೆದ್ರು. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ನಿಯಮಪುಸ್ತಕ ಬರೋ ಹೊತ್ತಿಗೆ, ಎಲ್ಲರ ಪಾತ್ರಪಟ್ಟಿಯಲ್ಲೂ ಹಳೇ ಮಂತ್ರಗಳ ಜಾಗಕ್ಕೆ ಹೊಸ ಮಂತ್ರ ಹಾಕ್ತೀವಿ ಅಂದ್ರು. ದುಡ್ಡು ಕೊಟ್ಟು ತಗೊಂಡ ಹಳೇದು ಹಿಂದೆ ಸರಿಯುತ್ತೆ. ಜನ ಕೂಗಾಡಿದ್ರು, ಕೆಲವೇ ದಿನದಲ್ಲಿ ನಿರ್ಧಾರ ವಾಪಸ್ ತಗೊಂಡ್ರು. ವಾಪಸ್ ತಗೊಂಡಿದ್ದು ಸಂತೋಷ. ಆದ್ರೆ ನಿಮ್ಮ ಕಪಾಟಿನ ಪುಸ್ತಕದೊಳಗೆ ರಾತ್ರೋರಾತ್ರಿ ಯಾರೂ ಪುಟ ಬದಲಾಯಿಸೋಕಾಗಲ್ಲ ಅನ್ನೋದು ಅವತ್ತು ನನಗೆ ಚೆನ್ನಾಗಿ ಅರ್ಥ ಆಯ್ತು.

ಭಾಗ 7/10

ಈಗ ಎಲ್ಲಕ್ಕಿಂತ ಹೊಸ ಕತೆ, ನಮ್ಮ ಕಣ್ಣೆದುರೇ ನಡೆದಿದ್ದು.

2022ರ ಆಗಸ್ಟ್. ಹೊಸ ಘೋಷಣೆ, ಹೊಸ ವಿಡಿಯೋ. ದೊಡ್ಡ ವಿಡಿಯೋ ಗೇಮ್‌ಗಳನ್ನ ಮಾಡೋ ಅನ್‌ರಿಯಲ್ ಎಂಜಿನ್ ಮೇಲೆ ಮೂರು ಆಯಾಮದ ಆಟದ ಮೇಜು. 2007ರ ವಿಡಿಯೋವನ್ನೇ ಬಣ್ಣ ಹೊಡೆದು ತಂದ ಹಾಗಿತ್ತು. ನಾವು ಆಗ ಪಿಯುಸಿ ವಯಸ್ಸಿನವರು, 2007 ನಮಗೆ ಗೊತ್ತಿರಲಿಲ್ಲ. ಅದಕ್ಕೇ ನಂಬಿದ್ವಿ. ಹಳೇ ಆಟಗಾರರು "ಇದನ್ನ ಮೊದಲೇ ನೋಡಿದೀವಿ" ಅಂದ್ರೆ "ಅಂಕಲ್‌ಗಳಿಗೆ ಯಾವಾಗ್ಲೂ ಗೊಣಗಾಟ" ಅನ್ಕೊಂಡ್ವಿ.

2023 ಜನವರಿಯಲ್ಲಿ ಬೇರೆಯೇ ಜಗಳ. 2000ದಿಂದ ಇದ್ದ ಮುಕ್ತ ಪರವಾನಗಿಯನ್ನ ಬದಲಾಯಿಸೋ ಕರಡು ಸೋರಿಕೆಯಾಯ್ತು. ಆ ಪರವಾನಗಿ ನಂಬಿ ಎಷ್ಟೋ ಸಣ್ಣ ಪ್ರಕಾಶಕರು ಬದುಕ್ತಿದ್ರು. ಜನ ಬಿಯಾಂಡ್ ಚಂದಾ ರದ್ದು ಮಾಡೋಕೆ ಶುರು ಮಾಡಿದ್ರು. ತಿಂಗಳು ಮುಗಿಯೋದ್ರೊಳಗೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ನಿಯಮಗಳು ಹೀಗೆ ಎಲ್ಲರ ಪಾಲಾಗಿದ್ದು ಆ ಜನ ಕೂಗಿದ್ದಕ್ಕೆ. ಇದನ್ನ ಮರೀಬೇಡಿ.

ಮೇಜಿಗೆ ಆಮೇಲೆ ಸಿಜಿಲ್ ಅಂತ ಹೆಸರಿಟ್ರು. 2024ರ ಸೆಪ್ಟೆಂಬರ್‌ಗೆ ಹೊಸ ಪುಸ್ತಕ ಬಂತು, ಸಿಜಿಲ್ ಬರಲಿಲ್ಲ. 2025 ಫೆಬ್ರವರಿಯಲ್ಲಿ ಸದ್ದಿಲ್ಲದೆ ಬಿಡುಗಡೆ ಮಾಡಿದ್ರು. ಬಳಸೋಕೆ ಒಳ್ಳೇ ಕಂಪ್ಯೂಟರ್ ಬೇಕು, ನಮ್ಮ ಐದು ಜನರಲ್ಲಿ ಅಂಥದ್ದು ಇದ್ದಿದ್ದು ಸೊನ್ನೆ. ಮಾರ್ಚ್‌ನಲ್ಲಿ ಆ ತಂಡದ ಸುಮಾರು 30 ಜನರನ್ನ ಕೆಲಸದಿಂದ ತೆಗೆದ್ರು, ತಂಡದ ಬಹುಪಾಲು ಅವರೇ. 2025 ಮುಗಿಯೋದ್ರೊಳಗೆ ಮುಚ್ತೀವಿ ಅನ್ನೋ ಪ್ರಕಟಣೆಯೂ ಬಂತು.

ರಾತ್ರಿ ಹಗಲು ಕೂತು ಅದನ್ನ ಕಟ್ಟಿದ ಆ 30 ಜನರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಸಿಟ್ಟಿರೋದು, ಕಟ್ಟೋ ಮೊದಲೇ ಮನೆ ತೋರಿಸಿ ಗೃಹಪ್ರವೇಶದ ಕಾರ್ಡ್ ಹಂಚಿದವರ ಮೇಲೆ.

ಭಾಗ 8/10

ಕಾಮರ್ಸ್ ಸ್ಟೂಡೆಂಟ್ಸ್, ಎದ್ದೇಳಿ. ನಿಮ್ಮ ಭಾಗ ಬಂತು.

ಕಂಪನಿ ನಿಮ್ಮಿಂದ ಮುಂಗಡ ತಗೊಂಡ್ರೆ ಅದರ ಪುಸ್ತಕದಲ್ಲಿ ಆ ದುಡ್ಡು ಯಾವ ಕಡೆ ಹೋಗುತ್ತೆ? ಆದಾಯಕ್ಕಲ್ಲ. ಲಯಬಿಲಿಟಿ ಕಡೆಗೆ. ಯಾಕಂದ್ರೆ ಮಾಲು ಇನ್ನೂ ಕೊಟ್ಟಿಲ್ಲ, ನಿಮಗೆ ಬಾಕಿ ಇದೆ. ನೋಡಿ, ಕಂಪನಿಯ ಅಕೌಂಟೆಂಟ್‌ಗೇ ಗೊತ್ತು ಅದು ಇನ್ನೂ ಸಾಲ ಅಂತ. ನಾವು ಮಾತ್ರ ಇತ್ತ ಕಡೆ ಕೂತು ಅದನ್ನ ಆಗಲೇ ಕೈಗೆ ಸಿಕ್ಕ ಆಸ್ತಿ ಅಂತ ಕುಣೀತೀವಿ.

ಫಸ್ಟ್ ಸೆಮ್‌ನಲ್ಲೇ ಓದಿದ್ದು, ಕನ್ಸರ್ವೇಟಿಸಂ: ಬರಬಹುದಾದ ಲಾಭವನ್ನ ಬರೋ ತನಕ ಲೆಕ್ಕಕ್ಕೆ ತಗೋಬೇಡ, ಬರಬಹುದಾದ ನಷ್ಟಕ್ಕೆ ಈಗಲೇ ಜಾಗ ತೆಗೆದಿಡು. ಎರಡು ಮಾರ್ಕಿಗೆ ಬರೆದಿದೀವಿ, ಬದುಕಲ್ಲಿ ಬಳಸಿಲ್ಲ.

ಇನ್ನೊಂದು, ಆಪರ್ಚುನಿಟಿ ಕಾಸ್ಟ್. ನಮಗೆ ಹೋಗಿದ್ದು 1,800 ರೂಪಾಯಿ ಅಂತ ಅನ್ಕೊಂಡಿದ್ವಿ. ತಪ್ಪು. ಹೋಗಿದ್ದು ಹದಿನಾಲ್ಕು ಶನಿವಾರ. ಒಂದೊಂದು ಶನಿವಾರ ಮೂರು ಗಂಟೆ ಅಂದ್ರೆ 42 ಗಂಟೆ. ಐದು ಜನಕ್ಕೆ 210 ಗಂಟೆ. ಆರನೇ ಸೆಮಿಸ್ಟರ್ ಮುಗಿದ ಮೇಲೆ ನಾವೆಲ್ಲ ಎಲ್ಲಿರ್ತೀವೋ ಗೊತ್ತಿಲ್ಲ. ಈ ಐದು ಜನ ಒಂದೇ ಊರಲ್ಲಿ ಇರೋ ಕಾಲಕ್ಕೆ ರೀಫಂಡ್ ಇಲ್ಲ.

"ಆದ್ರೆ ಯಾಕೆ ಪ್ರತಿ ಸಲ ತಡ ಆಗುತ್ತೆ?" ಅಂತ ಕೇಳ್ತೀರಾ. ನಾನು ಎಂಜಿನಿಯರ್ ಅಲ್ಲ, ಆದ್ರೆ ಆಡಿ ನೋಡಿದವರಿಗೆ ಇಷ್ಟು ಗೊತ್ತಾಗುತ್ತೆ. ಚಾಪೆ ಮೇಲೆ ಕೂತು ಕಳ್ಳ "ನಾನು ಮೆಟ್ಟಿಲ ಮೇಲೆ ದೀಪದ ಎಣ್ಣೆ ಸುರೀತೀನಿ" ಅಂದ್ರೆ ಡಿಎಂ "ಸರಿ, ದಾಳ ಹಾಕು" ಅಂತಾನೆ. ಒಂದು ಸೆಕೆಂಡು. ಅದೇ ಮೂರು ಆಯಾಮದ ಟೂಲ್‌ನಲ್ಲಿ ಆಗಬೇಕಾದ್ರೆ ಯಾರೋ ಮೊದಲೇ ಎಣ್ಣೆ ಮಾಡಿರಬೇಕು, ಅದು ಹರಿಯೋದು, ಜಾರೋದು, ಬೆಂಕಿ ಹತ್ತೋದು ಎಲ್ಲ ಮಾಡಿರಬೇಕು. ಆಟಗಾರ ಏನೇನು ಹೇಳಬಹುದು ಅನ್ನೋದಕ್ಕೆ ಲೆಕ್ಕ ಇಲ್ಲ, ಆದ್ರೆ ಬಟನ್‌ಗಳಿಗೆ ಲೆಕ್ಕ ಇದೆ. ಮಾತಲ್ಲಿ ಪುಕ್ಕಟೆ ಸಿಗೋದನ್ನ ಕೋಡ್‌ನಲ್ಲಿ ಒಂದೊಂದಾಗಿ ಕಟ್ಟಬೇಕು. ಹಾಗಾಗಿ ವಿಡಿಯೋ ಬೇಗ ಬರುತ್ತೆ, ಟೂಲ್ ಬರಲ್ಲ.

ಭಾಗ 9/10

ಈಗ ನಿಮ್ಮ ಕಾಮೆಂಟ್‌ಗಳಿಗೆ ಬರ್ತೀನಿ. ಹಾಕೋ ಮೊದಲೇ ಉತ್ತರ.

"ನೀನು ಟೆಕ್ನಾಲಜಿ ವಿರೋಧಿ." ಫೋನಲ್ಲೇ ಇದನ್ನೆಲ್ಲ ಟೈಪ್ ಮಾಡ್ತಿರೋನು ನಾನು. ವಿರೋಧ ಇರೋದು ಟೂಲ್‌ಗಲ್ಲ, ಬಾರದೇ ಇರೋ ಟೂಲ್‌ಗೆ ನಾವು ಕೊಡೋ ಮರ್ಯಾದೆಗೆ.

"ಗೆಳೆಯರು ಬೇರೆ ಊರಲ್ಲಿದ್ರೆ?" ಒಳ್ಳೇ ಪ್ರಶ್ನೆ, ಮುಂದಿನ ವರ್ಷ ನಮ್ಮ ಪೂಜಾರಿಯೂ ಬೆಂಗಳೂರಿಗೆ ಹೋಗ್ತಾನೆ. ಅದಕ್ಕೆ ಈಗಾಗಲೇ ಇರೋ ಟೂಲ್ ಇದಾವೆ. ರೋಲ್20 ನೋಡಿ. 2012ರಲ್ಲಿ, ಅದೇ ದೊಡ್ಡ ಕಂಪನಿ ತನ್ನ ಮೇಜು ಮುಚ್ಚಿದ ವರ್ಷವೇ, ಕಾಲೇಜಲ್ಲಿ ರೂಮ್‌ಮೇಟ್ಸ್ ಆಗಿದ್ದ ಮೂವರು ತಾವು ದೂರ ದೂರ ಇದ್ದೂ ಒಟ್ಟಿಗೆ ಆಡೋಕೆ ಅಂತ ಮಾಡಿದ್ದು. ಜನರ ಹತ್ರ ಕೇಳಿದ್ದು 5,000 ಡಾಲರ್, ಸಿಕ್ಕಿದ್ದು ಹೆಚ್ಚೂಕಡಿಮೆ 40,000. ಮೂರು ಆಯಾಮ ಇಲ್ಲ, ರೂಪ ಕೊಡೋಕೆ ಬೊಂಬೆ ಇಲ್ಲ. ಬ್ರೌಸರ್‌ನಲ್ಲಿ ಒಂದು ನಕ್ಷೆ, ಒಂದಷ್ಟು ಗುಂಡು ಚುಕ್ಕಿ, ದಾಳ. ಕೆಲಸ ಮಾಡುತ್ತೆ. 2020ರಲ್ಲಿ ಬಂದ ಫೌಂಡ್ರಿಗೆ ಒಂದೇ ಸಲ ದುಡ್ಡು ಕೊಟ್ರೆ ಸಾಕು, ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತೆ. ಇದರಲ್ಲೂ ಕೊರತೆ ಇದಾವೆ, ಆದ್ರೆ ಇವತ್ತು ರಾತ್ರಿ ಆಡಬಹುದು.

"ಕೆಲವರಿಗೆ ಟೂಲ್ ಬೇಕೇ ಬೇಕು." ನಿಜ. ಸಣ್ಣ ಅಕ್ಷರ ಓದೋಕೆ ಕಷ್ಟ ಇರೋರಿಗೆ, ಕೂಡಿಸಿ ಕಳೆಯೋದು ತಲೆನೋವು ಅನ್ನೋರಿಗೆ ಅದು ದೊಡ್ಡ ಸಹಾಯ. ಅಂಥವರನ್ನ ವರ್ಷಗಟ್ಟಲೆ ಕಾಯಿಸೋದು ಇನ್ನೂ ದೊಡ್ಡ ತಪ್ಪು ಅನ್ನೋದೇ ನನ್ನ ಮಾತು.

ಹಾಗಾಗಿ ದುಡ್ಡು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ, ಸ್ಕ್ರೀನ್‌ಶಾಟ್ ತಗೊಳ್ಳಿ:

1. ಇವತ್ತೇ ಇದರಲ್ಲಿ ಒಂದು ಪೂರ್ತಿ ಆಟ ಆಡೋಕಾಗುತ್ತಾ? (ವಿಡಿಯೋ ಲೆಕ್ಕಕ್ಕಿಲ್ಲ.)
2. ನಾಳೆ ಕಂಪನಿ ಬಾಗಿಲು ಹಾಕಿದ್ರೆ ನನ್ನ ಪಾತ್ರ, ನನ್ನ ನಕ್ಷೆ ನನ್ನ ಹತ್ರ ಉಳಿಯುತ್ತಾ?
3. ನಮ್ಮ ಗುಂಪಲ್ಲಿ ಎಲ್ಲರಿಗಿಂತ ಹಳೇ ಫೋನ್ ಇರೋನೂ ಆಡಬಹುದಾ?

ಮೂರಕ್ಕೂ ಹೌದು ಅಂದ್ರೆ ಧಾರಾಳವಾಗಿ ಕಟ್ಟಿ. ಒಂದಕ್ಕೆ "ಬರ್ತಾ ಇದೆ" ಅನ್ನೋ ಉತ್ತರ ಸಿಕ್ಕಿದ್ರೂ ಪರ್ಸ್ ಜೇಬಿಗೆ ವಾಪಸ್ ಹಾಕಿ.

ಭಾಗ 10/10

ಕೊನೇದು. ಇದನ್ನ ಬರೆಯೋಕೆ ಸ್ವಲ್ಪ ಮುಜುಗರ ಇದೆ.

ಐದನೇ ಸೆಮಿಸ್ಟರ್ ಶುರುವಾದಾಗ ನಾವು ಮತ್ತೆ ಆಡೋಣ ಅಂತ ತೀರ್ಮಾನ ಮಾಡಿದ್ವಿ. ನಾನು ಮಂತ್ರವಾದಿಗೆ ಮೆಸೇಜ್ ಹಾಕಿದೆ, "ಶನಿವಾರ ನಕ್ಷೆ ತಗೊಂಡ್ ಬಾರೇ." ಅವಳ ಉತ್ತರ: "ಶನಿವಾರ ಟ್ಯಾಲಿ ಕ್ಲಾಸ್ ಸೇರಿದೀನಿ. ನೀವ್ಯಾರೂ ಆಡ್ತಿರಲಿಲ್ವಲ್ಲ."

ತಪ್ಪು ಅವಳದ್ದಲ್ಲ. ನಾವು ಖಾಲಿ ಬಿಟ್ಟ ಹೊತ್ತನ್ನ ಅವಳು ಕೆಲಸಕ್ಕೆ ಬಳಸ್ಕೊಂಡ್ಲು. ನಾನಾಗಿದ್ರೂ ಹಾಗೇ ಮಾಡ್ತಿದ್ದೆ.

ಈಗ ಆಟವನ್ನ ಭಾನುವಾರ ಬೆಳಿಗ್ಗೆಗೆ ಹಾಕಿದೀವಿ. ಮೂರು ಗಂಟೆ ಸಿಗಲ್ಲ, ಒಂದೂವರೆ ಗಂಟೆ. ಅವಳು ಎರಡು ವಾರಕ್ಕೊಮ್ಮೆ ಬರ್ತಾಳೆ. ಅವಳಿಲ್ಲದ ವಾರ ಡಿಎಂ ತಾನೇ ನಕ್ಷೆ ಬರೀತಾನೆ, ಅವನ ಕೋಟೆ ಇಡ್ಲಿ ಪಾತ್ರೆ ಥರ ಇರುತ್ತೆ. ಆದ್ರೂ ಆಡ್ತೀವಿ. ಪೂಜಾರಿಯ ದಾಳ ಕಳೆದುಹೋಗಿದೆ, ಹೊಸದು ತರೋ ತನಕ ಒಂದರಿಂದ ಇಪ್ಪತ್ತರ ತನಕ ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿ ಎತ್ತುತ್ತಾನೆ. ಅದೂ ನಡೆಯುತ್ತೆ.

ಹೋದ ವಾರ ಅವಳು ಬಂದಾಗ ಹಳೇ ಶೀಟ್ ತಂದಿದ್ಲು. ನಾನು ಕ್ಷಮೆ ಕೇಳೋಕೆ ಬಾಯಿ ತೆಗೆದೆ. "ಸುಮ್ನೆ ಪೆನ್ಸಿಲ್ ಕೊಡು" ಅಂದ್ಲು. ಒಂಬತ್ತನೇ ಚೌಕ ಬರೆದ್ಲು. ಸುರಂಗ ಎಡಕ್ಕೆ ತಿರುಗಿತು. ಅಲ್ಲಿ ಏನಿದೆ ಅಂತ ಹೇಳಲ್ಲ, ನಮ್ಮ ಕಳ್ಳನೂ ಇದನ್ನ ಓದ್ತಾನೆ.

ನಿಮ್ಮ ಗುಂಪೂ ಯಾವುದಕ್ಕಾದ್ರೂ ಕಾಯ್ತಾ ಕೂತಿದೆಯಾ? ಆ್ಯಪ್‌ಗೆ, ಹೊಸ ಲ್ಯಾಪ್‌ಟಾಪ್‌ಗೆ, "ಎಲ್ಲ ಸೆಟ್ ಆದ್ಮೇಲೆ" ಅನ್ನೋ ದಿನಕ್ಕೆ? ಈ ಪೋಸ್ಟನ್ನ ಆ ಗುಂಪಿಗೆ ಕಳಿಸಿ, ಕೆಳಗೆ ಒಂದು ದಿನ, ಒಂದು ಟೈಮ್ ಬರೀರಿ. ಶಿವಮೊಗ್ಗ ಸುತ್ತಮುತ್ತ ಇದ್ದು ಕಲೀಬೇಕು ಅನ್ನೋರು ಕಾಮೆಂಟಲ್ಲಿ ಹೇಳಿ. ಒಂದು ಸೆಟ್ ದಾಳ ಹೆಚ್ಚಿಗೆ ಇದೆ, ಚಾಪೆ ದೊಡ್ಡದಿದೆ. ಮಂಡಕ್ಕಿ ನೀವು ತನ್ನಿ.

#ಡಂಜನ್ಸ್‌ಅಂಡ್‌ಡ್ರ್ಯಾಗನ್ಸ್ #ಕಾಗದಪೆನ್ಸಿಲ್‌ದಾಳ #ಬಿಕಾಂಹುಡುಗರು #ಶಿವಮೊಗ್ಗ